ಎಡಿಸನ್‌ನಿಂದ ಫ್ಲಶಿಂಗ್ ಗಣೇಶನ ಗುಡಿಗೆ: ಸೇತುವೆಯಾ, ಸುರಂಗವಾ?

ಎಡಿಸನ್ ಹೊಸಬ:
ಎಲ್ಲರಿಗೂ ನಮಸ್ಕಾರ. ಬೆಂಗಳೂರು ಬಿಟ್ಟು ನ್ಯೂಜೆರ್ಸಿಯ ಎಡಿಸನ್‌ಗೆ ಬಂದು ನಾಲ್ಕು ತಿಂಗಳಾಯಿತು. ಹೋದ ವಾರ ಅಪ್ಪ ಅಮ್ಮ ಬಂದಿದ್ದಾರೆ. ಬಂದ ದಿನದಿಂದ ಅಮ್ಮನದು ಒಂದೇ ಮಾತು, ನ್ಯೂಯಾರ್ಕ್‌ನ ಫ್ಲಶಿಂಗ್‌ನಲ್ಲಿರುವ ಗಣೇಶನ ಗುಡಿ ನೋಡಬೇಕು. ಅಪ್ಪನಿಗೆ ದೇವರಿಗಿಂತ ಅಲ್ಲಿನ ಕ್ಯಾಂಟೀನ್ ದೋಸೆ ಮೇಲೆ ಕಣ್ಣು. ಈ ಭಾನುವಾರ ಕರೆದುಕೊಂಡು ಹೋಗಬೇಕು ಅಂತಿದ್ದೇನೆ.

ಮ್ಯಾಪ್ ತೆರೆದರೆ ಒಂದೊಂದು ಸಲ ಒಂದೊಂದು ದಾರಿ ತೋರಿಸುತ್ತೆ. ಒಮ್ಮೆ ಹಾಲೆಂಡ್ ಟನಲ್, ಒಮ್ಮೆ ಸ್ಟೇಟನ್ ಐಲ್ಯಾಂಡ್ ದಾಟಿ ವೆರಜಾನೋ ಸೇತುವೆ, ಒಮ್ಮೆ ಜಾರ್ಜ್ ವಾಷಿಂಗ್ಟನ್ ಸೇತುವೆ. ಎಲ್ಲ ಕಡೆಯೂ ಟೋಲ್. ಇದರ ಮೇಲೆ ಅಮ್ಮನಿಗೆ ಸುರಂಗ ಅಂದರೆ ಆಗಲ್ಲ. ಕೊಂಕಣ ರೈಲಿನಲ್ಲಿ ಕಾರವಾರಕ್ಕೆ ಹೋಗುವಾಗ ಸುರಂಗ ಬಂದಾಗಲೆಲ್ಲ ಸೆರಗು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಕೂತಿರುತ್ತಾರೆ. ಮೇಲೆ ನದಿ ಇದೆ ಅಂತ ಗೊತ್ತಾದರೆ ಕಾರು ಹತ್ತೋದೇ ಡೌಟು. ನೀವೆಲ್ಲ ಯಾವ ದಾರಿಯಲ್ಲಿ ಹೋಗುತ್ತೀರಿ?

ಹಳೇ ಡ್ರೈವರ್:
ಭಾನುವಾರ ಅಂದರೆ ಕಣ್ಣು ಮುಚ್ಚಿಕೊಂಡು ವೆರಜಾನೋ. (ಓಡಿಸುವಾಗ ತೆರೆದಿರಲಿ.)

287ನೇ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋಗಿ, ಅದೇ ಮುಂದೆ 440 ಆಗುತ್ತೆ. ಔಟರ್‌ಬ್ರಿಡ್ಜ್ ಕ್ರಾಸಿಂಗ್ ದಾಟಿದರೆ ಸ್ಟೇಟನ್ ಐಲ್ಯಾಂಡ್. ನಾನು ತುಂಬಾ ವರ್ಷ ಈ ಹೆಸರನ್ನ ನಮ್ಮ ಔಟರ್ ರಿಂಗ್ ರೋಡ್ ಥರ ಅಂದುಕೊಂಡಿದ್ದೆ. ಅಲ್ಲವಂತೆ, ಯುಜೀನಿಯಸ್ ಔಟರ್‌ಬ್ರಿಡ್ಜ್ ಅಂತ, ಎರಡು ರಾಜ್ಯಗಳ ನಡುವಿನ ಸೇತುವೆ, ಸುರಂಗ ನೋಡಿಕೊಳ್ಳುವ ಪೋರ್ಟ್ ಅಥಾರಿಟಿಯ ಮೊದಲ ಅಧ್ಯಕ್ಷರ ಹೆಸರು. ಸೇತುವೆಗೆ ಸೇತುವೆ ಅಂತಲೇ ಹೆಸರಿರುವ ಮನುಷ್ಯ ಸಿಕ್ಕಿದ್ದು ನೋಡಿ! ಅಲ್ಲಿಂದ 278ಕ್ಕೆ ಸೇರಿ ವೆರಜಾನೋ ದಾಟಿದರೆ ಬ್ರೂಕ್ಲಿನ್. ಮುಂದೆ ಸಮುದ್ರದ ಪಕ್ಕದಲ್ಲೇ ಬೆಲ್ಟ್ ಪಾರ್ಕ್‌ವೇ, ಜೆಎಫ್‌ಕೆ ವಿಮಾನ ನಿಲ್ದಾಣದ ಹತ್ತಿರ ಎಡಕ್ಕೆ ವ್ಯಾನ್ ವಿಕ್. ದಾರಿಯಲ್ಲಿ ಒಂದೂ ನದಿ ಸುರಂಗ ಇಲ್ಲ.

ಟೋಲ್ ಲೆಕ್ಕ ಹೀಗೆ. ಔಟರ್‌ಬ್ರಿಡ್ಜ್‌ನಲ್ಲಿ ನ್ಯೂಯಾರ್ಕ್ ಕಡೆ ಹೋಗುವಾಗ ಮಾತ್ರ ದುಡ್ಡು, ವಾಪಸ್ ಬರುವಾಗ ಇಲ್ಲ. ಈಝೀಪಾಸ್ (ನಮ್ಮ ಫಾಸ್ಟ್ಯಾಗ್ ಥರ) ಇದ್ದರೆ ಶನಿವಾರ ಭಾನುವಾರ ಬೆಳಿಗ್ಗೆ 11ರ ಒಳಗೆ ದಾಟಿ, ಕಡಿಮೆ ಬೀಳುತ್ತೆ. ವೆರಜಾನೋದಲ್ಲಿ ಎರಡೂ ಕಡೆ ಹಿಡಿಯುತ್ತಾರೆ. ಅಲ್ಲಿ ರಿಯಾಯಿತಿ ನ್ಯೂಯಾರ್ಕ್‌ನವರು ಕೊಟ್ಟ ಈಝೀಪಾಸ್‌ಗೆ ಮಾತ್ರ, ನ್ಯೂಜೆರ್ಸಿಯದಕ್ಕೆ ಇಲ್ಲ. ಜೆರ್ಸಿಯಲ್ಲಿ ಮನೆ ಇದ್ದರೂ ನ್ಯೂಯಾರ್ಕ್ ಪಾಸ್ ತಗೋಬಹುದು, ತಗೊಂಡುಬಿಡಿ.

ಜಾರ್ಜ್ ವಾಷಿಂಗ್ಟನ್ ಕಡೆ ಮಾತ್ರ ಹೋಗಬೇಡಿ. ಬ್ರಾಂಕ್ಸ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಮಹಾಮಂಗಳಾರತಿ ಅಲ್ಲೇ.

ಕಾಸಿಗೆ ಕಾಸು:
ನಾನು ಮೊದಲು ಹಾಲೆಂಡ್ ಟನಲ್ ದಾಟಿ, ಕೆನಾಲ್ ಸ್ಟ್ರೀಟ್‌ನಲ್ಲಿ ತೆವಳಿಕೊಂಡು, ಮ್ಯಾನ್‌ಹಟನ್ ಬ್ರಿಡ್ಜ್ ಮೇಲೆ ಹೋಗುತ್ತಿದ್ದೆ. ಯಾಕಂದ್ರೆ ಈಸ್ಟ್ ರಿವರ್ ಮೇಲಿನ ನಾಲ್ಕು ಹಳೇ ಸೇತುವೆಗಳಿಗೆ, ಅಂದರೆ ಬ್ರೂಕ್ಲಿನ್, ಮ್ಯಾನ್‌ಹಟನ್, ವಿಲಿಯಮ್ಸ್‌ಬರ್ಗ್, ಕ್ವೀನ್ಸ್‌ಬರೋ, 1911ರಿಂದ ಟೋಲೇ ಇಲ್ಲ. ಆ ಸುಖ ಮುಗಿಯಿತು. 2025ರ ಜನವರಿ 5ರಿಂದ ಮ್ಯಾನ್‌ಹಟನ್‌ನ 60ನೇ ಬೀದಿಯ ಕೆಳಗೆ ಕಾರು ತಂದರೆ ಹಗಲು 9 ಡಾಲರ್. ಹಾಲೆಂಡ್ ಮೂಲಕ ಬಂದವರಿಗೆ 3 ಡಾಲರ್ ಬಿಡುತ್ತಾರೆ, ಆದರೆ ಸುರಂಗದ ಟೋಲ್ ಬೇರೆ ಕೊಟ್ಟೇ ಇರುತ್ತೀರಿ. ಸೇತುವೆ ಈಗಲೂ ಪುಕ್ಕಟೆಯೇ, ಅದರ ತನಕ ಹೋಗೋಕೆ ದುಡ್ಡು. ಕಾಫಿ ಫ್ರೀ, ಲೋಟ ಬಾಡಿಗೆ ಅಂದ ಹಾಗೆ.

ಶಿವಮೊಗ್ಗ ಸಿವಿಲ್:
ದಾರಿ ಬಗ್ಗೆ ಹಳೇ ಡ್ರೈವರ್ ಹೇಳಿದ್ದೇ ಸರಿ. ಆದರೆ ಸುರಂಗಕ್ಕೆ ಸುಮ್ನೆ ಹೆದರಬೇಡಿ ಅಂತ ಅಮ್ಮನಿಗೆ ಹೇಳಿ. ಅವರಿಗಿರುವ ಭಯವೇ 1920ರ ದಶಕದಲ್ಲಿ ಇಂಜಿನಿಯರುಗಳಿಗೂ ಇತ್ತು. ರೈಲು ಸುರಂಗ ಆಗಲೇ ಇದ್ದವು, ಆದರೆ ಸಾವಿರಾರು ಕಾರುಗಳ ಹೊಗೆ ನದಿಯ ಕೆಳಗೆ ತುಂಬಿಕೊಂಡರೆ ಜನ ಎಚ್ಚರ ತಪ್ಪಿ ಬೀಳುತ್ತಾರಲ್ಲ, ಏನು ಮಾಡೋದು? ಹಾಲೆಂಡ್ ಟನಲ್‌ನಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಉದ್ದಕ್ಕೂ ಗಾಳಿ ಊದಿದರೆ ಬಿರುಗಾಳಿ ಎದ್ದ ಹಾಗಾಗುತ್ತೆ. ಅದಕ್ಕೇ ಅಡ್ಡಡ್ಡ ಹಾಯಿಸಿದರು. ರಸ್ತೆಯ ಕೆಳಗೆ ಗಾಳಿಗೆ ಒಂದು ಕಾಲುವೆ, ಚಾವಣಿಯ ಮೇಲೆ ಇನ್ನೊಂದು. ಶುದ್ಧ ಗಾಳಿ ಕೆಳಗಿನಿಂದ ಬರುತ್ತೆ, ಹೊಗೆ ಮೇಲಿನಿಂದ ಹೋಗುತ್ತೆ. 84 ಫ್ಯಾನು ಹಾಕಿದರು, ಸುಮಾರು 90 ಸೆಕೆಂಡಿಗೊಮ್ಮೆ ಒಳಗಿನ ಗಾಳಿ ಪೂರ್ತಿ ಬದಲಾಗುವ ಹಾಗೆ. ನಮ್ಮ ಅಡುಗೆಮನೆಯ ಚಿಮಣಿಯೂ ಇಷ್ಟು ಚೆನ್ನಾಗಿ ಕೆಲಸ ಮಾಡಲ್ಲ. ಬೇಜಾರೇನಂದ್ರೆ ಅದರ ಮುಖ್ಯ ಇಂಜಿನಿಯರ್ ಕ್ಲಿಫರ್ಡ್ ಹಾಲೆಂಡ್ ಅದನ್ನ ನೋಡಲೇ ಇಲ್ಲ. ಎರಡು ದಡದಿಂದ ಕೊರೆದ ತುದಿಗಳು ಸೇರುವ ಹೊತ್ತಿಗೆ, 1924ರಲ್ಲಿ, 41ನೇ ವಯಸ್ಸಿಗೇ ಹೋಗಿಬಿಟ್ಟರು. ಟನಲ್ ತೆರೆದದ್ದು 1927ರಲ್ಲಿ.

ಇನ್ನು ವೆರಜಾನೋ. 1964ರಲ್ಲಿ ತೆರೆದಾಗ ಪ್ರಪಂಚದ ಅತಿ ಉದ್ದದ ತೂಗುಸೇತುವೆ. ನಡುವಿನ ಹರವು 1,298 ಮೀಟರ್. ಅದರ ಎರಡು ಗೋಪುರಗಳು ಬುಡಕ್ಕಿಂತ ತುದಿಯಲ್ಲಿ ಸುಮಾರು 4 ಸೆಂಟಿಮೀಟರ್ ದೂರ ಇವೆ. ಕಟ್ಟಿದವರ ತಪ್ಪಲ್ಲ. ಎರಡೂ ನೆಟ್ಟಗೇ ನಿಂತಿವೆ, ಭೂಮಿಯೇ ಗುಂಡಗಿದೆ. ಬೇಸಿಗೆಯಲ್ಲಿ ಉಕ್ಕಿನ ಕೇಬಲ್ ಹಿಗ್ಗಿ ನಡುವಿನ ರಸ್ತೆ ಚಳಿಗಾಲಕ್ಕಿಂತ 12 ಅಡಿಯಷ್ಟು ತಗ್ಗುತ್ತೆ. ಅಪ್ಪನಿಗೆ ಹೇಳಿ, ಖುಷಿಪಡುತ್ತಾರೆ. ಅಮ್ಮನಿಗೆ ಬೇಡ.

ಸ್ಟೇಟನ್ ಐಲ್ಯಾಂಡ್ ಸೊಸೆ:
ಎಲ್ಲರೂ ನಮ್ಮ ಊರನ್ನ ಹಾದುಹೋಗುವ ಪಡಸಾಲೆ ಮಾಡಿಕೊಂಡಿದ್ದೀರಿ ಅಲ್ವಾ! ಒಂದು ದಿನ ಇಳಿದು ಕಾಫಿಯಾದರೂ ಕುಡಿಯಿರಿ.

ನಮ್ಮ ಕಥೆ ಕೇಳಿ. ಹೆಸರಿಗೆ ನಾವು ನ್ಯೂಯಾರ್ಕ್ ಸಿಟಿ. ಆದರೆ 1964ರ ತನಕ ಇಲ್ಲಿಂದ ಸಿಟಿಯ ಬೇರೆ ಭಾಗಕ್ಕೆ ಒಂದೂ ಸೇತುವೆ ಇರಲಿಲ್ಲ, ದೋಣಿಯೇ ಗತಿ. ಪಕ್ಕದ ನ್ಯೂಜೆರ್ಸಿಗೆ ಮಾತ್ರ 1931ರೊಳಗೇ ಮೂರು ಸೇತುವೆ. ಬ್ರೂಕ್ಲಿನ್‌ನಿಂದ ಸಬ್‌ವೇ ತರುತ್ತೇವೆ ಅಂತ 1923ರಲ್ಲಿ ಅಗೆಯೋಕೆ ಶುರು ಮಾಡಿ ಎರಡೇ ವರ್ಷಕ್ಕೆ ಕೈಬಿಟ್ಟರು. ಇವತ್ತಿಗೂ ಬಂದಿಲ್ಲ. ವೆರಜಾನೋ ಮೇಲೆ ನಡೆದು ಹೋಗೋಕೂ ದಾರಿ ಇಲ್ಲ, ಮ್ಯಾರಥಾನ್ ಓಡುವವರಿಗೆ ವರ್ಷಕ್ಕೊಮ್ಮೆ ಆ ಭಾಗ್ಯ.

ಟೋಲ್ ಬಗ್ಗೆಯೂ ಒಂದು ಮಾತು. ಟೋಲ್ ಗೇಟಿನ ಸಾಲಿನ ಹೊಗೆ ನಮ್ಮ ಮನೆಗಳಿಗೆ ನುಗ್ಗುತ್ತೆ ಅಂತ ಇಲ್ಲಿನವರು ಗಲಾಟೆ ಮಾಡಿದ್ದಕ್ಕೆ 1986ರಲ್ಲಿ ಒಂದೇ ಕಡೆ ವಸೂಲಿ ಶುರುವಾಯಿತು, ಸ್ಟೇಟನ್ ಐಲ್ಯಾಂಡ್‌ಗೆ ಬರುವಾಗ ಮಾತ್ರ. ಲಾರಿಯವರು ಬಿಡ್ತಾರಾ? ಹೋಗುವಾಗ ನಮ್ಮ ಸೇತುವೆ ಮೇಲೆ ಪುಕ್ಕಟೆ, ಬರುವಾಗ ಮ್ಯಾನ್‌ಹಟನ್ ನಡುವೆ ನುಗ್ಗಿ, ಜೆರ್ಸಿ ಕಡೆಗೆ ಟೋಲ್ ಇಲ್ಲದ ಹಾಲೆಂಡ್ ಟನಲ್‌ನಲ್ಲಿ ಪಾರು. 34 ವರ್ಷ ಕೆನಾಲ್ ಸ್ಟ್ರೀಟ್‌ನವರು ನಮ್ಮ ಹೊಗೆ ಕುಡಿದರು. ಕ್ಯಾಮೆರಾ ಬಂದು ಗೇಟೇ ಹೋದ ಮೇಲೆ, 2020ರ ಡಿಸೆಂಬರ್‌ನಿಂದ ಮತ್ತೆ ಎರಡೂ ಕಡೆ.

ಹೊಸಬರೇ, ಅಪ್ಪ ಅಮ್ಮನನ್ನ ಇನ್ನೊಂದು ದಿನ ನಮ್ಮ ಕೇಸರಿ ಬಣ್ಣದ ಫೆರಿಗೆ ಕರೆತನ್ನಿ. ಟಿಕೆಟ್ ಇಲ್ಲ, ಟೋಲ್ ಇಲ್ಲ, ಸುರಂಗ ಇಲ್ಲ.

ಮನೆ ಬದಲಿಸಿ ಸುಸ್ತಾದವನು:
ಒಂದು ಎಚ್ಚರಿಕೆ. ಬೆಲ್ಟ್ ಪಾರ್ಕ್‌ವೇ ಕಾರಿಗೆ ಮಾತ್ರ. ನಾನು ಕ್ವೀನ್ಸ್‌ನಿಂದ ಜೆರ್ಸಿಗೆ ಮನೆ ಸಾಗಿಸುವಾಗ ಬಾಡಿಗೆ ಟ್ರಕ್ಕಿನಲ್ಲಿ ಕಾರಿನ ಮ್ಯಾಪ್ ನೋಡಿಕೊಂಡು ಹೊರಟೆ. ಎದುರಿಗೆ ತಗ್ಗಾದ ಕಲ್ಲಿನ ಸೇತುವೆ, ಎತ್ತರದ ಬೋರ್ಡು ಕಂಡಾಗ ಎದೆ ಧಸಕ್ಕಂತು. ಪಕ್ಕಕ್ಕೆ ನಿಲ್ಲಿಸಿದೆ, ಹಿಂದೆಯೇ ಪೊಲೀಸ್. ಹೆಂಡತಿ ತೊಡೆ ಮೇಲೆ ವೆಟ್ ಗ್ರೈಂಡರ್ ಇಟ್ಟುಕೊಂಡು ಕೂತಿದ್ದಳು, ಅವನು ಅದನ್ನೇ ಎರಡು ಸಲ ಟಾರ್ಚ್ ಹಾಕಿ ನೋಡಿದ. ಚೀಟಿ ಹರಿದು ಕೊಟ್ಟ, ಮುಂದಿನ ತಿರುವಿನಲ್ಲಿ ಇಳಿಸಿದ. ಹಾಗೇ, ಪಿಕ್ನಿಕ್‌ಗೆ ಬಿಸಿಬೇಳೆಬಾತ್ ಮಾಡೋಕೆ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ನದಿ ಸುರಂಗಕ್ಕೂ ಹೋಗುವ ಹಾಗಿಲ್ಲ.

ಎಡಿಸನ್ ಹೊಸಬ:
ಹೋಗಿ ಬಂದೆವು! ವೆರಜಾನೋ ದಾರಿಯೇ ಹಿಡಿದೆ. ಅಪ್ಪನ ಎರಡನೇ ಕಾಫಿಯಿಂದಾಗಿ ಔಟರ್‌ಬ್ರಿಡ್ಜ್ ಮುಟ್ಟಿದಾಗ 11 ಗಂಟೆ 10 ನಿಮಿಷ. ರಿಯಾಯಿತಿ ಹೋಯಿತು.

ಸೇತುವೆ ಏರುವಾಗ ಮುಂದೆ ಗೋಪುರ ಮತ್ತು ಆಕಾಶ ಬಿಟ್ಟರೆ ಏನೂ ಕಾಣಲ್ಲ. ನಡುವೆ ಬಂದ ಮೇಲೆ ಒಮ್ಮೆಲೇ ಎರಡೂ ಕಡೆ ನೀರು, ಕೆಳಗೆ ಡಬ್ಬಗಳನ್ನ ಪೇರಿಸಿಕೊಂಡ ಹಡಗು. ಅಪ್ಪ 4 ಸೆಂಟಿಮೀಟರ್ ವಿಷಯವನ್ನ ಅಮ್ಮನಿಗೆ ಹೇಳೇಬಿಟ್ಟರು, ಅದೂ "ಗೋಪುರ ಆಚೆ ವಾಲಿದೆಯಂತೆ" ಅಂತ. ಅಮ್ಮ ಸೆರಗು ತಗೊಂಡು ಕಣ್ಣು ಮುಚ್ಚಿದವರು ಬ್ರೂಕ್ಲಿನ್ ಬಂದ ಮೇಲೆಯೇ ತೆರೆದದ್ದು. ದರ್ಶನ ಚೆನ್ನಾಗಾಯಿತು, ದೋಸೆಗೆ ಮುಕ್ಕಾಲು ಗಂಟೆ ಸಾಲು.

ಮುಂದಿನ ವಾರ ಫೆರಿ ಅಂತ ಈಗಲೇ ತೀರ್ಮಾನ ಆಗಿದೆ. ಕಾರು ಎಲ್ಲಿ ನಿಲ್ಲಿಸಲಿ ಅಕ್ಕ?

ಸ್ಟೇಟನ್ ಐಲ್ಯಾಂಡ್ ಸೊಸೆ:
ಸೇಂಟ್ ಜಾರ್ಜ್ ಟರ್ಮಿನಲ್ ಹತ್ತಿರವೇ ಪಾರ್ಕಿಂಗ್ ಇದೆ, ಬೇಗ ಬನ್ನಿ. ಮ್ಯಾನ್‌ಹಟನ್ ಕಡೆ ಹೋಗುವಾಗ ಎಡಗಡೆ ನಿಂತುಕೊಳ್ಳಿ, ಲಿಬರ್ಟಿ ಪ್ರತಿಮೆ ಆ ಕಡೆಗೇ ಬರುತ್ತೆ.