ಮೂರನೇ ಗುಂಪಿನಲ್ಲಿ ಬಿಳಿ ಪ್ರಕ್ಷೇಪ ಬಂದರೂ ಅಲ್ಯೂಮಿನಿಯಂ ದೃಢಪಡುತ್ತಿಲ್ಲ, ಏಕೆ?

ಪ್ರಶ್ನೆ

ನಾನು ಬಿ.ಎಸ್ಸಿ. ವಿದ್ಯಾರ್ಥಿ. ಗುಣಾತ್ಮಕ ವಿಶ್ಲೇಷಣೆಗೆಂದು ಕೊಟ್ಟಿರುವ ಬಿಳಿ ಲವಣವು ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಮೊದಲೆರಡು ಗುಂಪುಗಳು (ಒಂದೇ ಕಾರಕದಿಂದ ಪ್ರಕ್ಷೇಪವಾಗುವ, ಅಂದರೆ ಕರಗದ ಘನವಾಗಿ ಬೇರ್ಪಡುವ, ಲೋಹ ಅಯಾನುಗಳ ವರ್ಗಗಳು) ಇಲ್ಲವೆಂದು ಖಚಿತವಾದ ಮೇಲೆ ಮೂಲ ದ್ರಾವಣದ ಹೊಸ ಭಾಗಕ್ಕೆ ಚಿಟಿಕೆಯಷ್ಟು ಅಮೋನಿಯಂ ಕ್ಲೋರೈಡ್ ಬೆರೆಸಿ, ಅಮೋನಿಯಂ ಹೈಡ್ರಾಕ್ಸೈಡ್ ಅನ್ನು ಧಾರಾಳವಾಗಿ ಹಾಕಿದಾಗ ಬಿಳಿ ಪ್ರಕ್ಷೇಪ ಬಂತು. ಬಣ್ಣದಿಂದ ಕಬ್ಬಿಣವೂ ಕ್ರೋಮಿಯಂ ಕೂಡ ಅಲ್ಲವೆಂದು ತಿಳಿಯಿತು. ಆದರೆ ಆ ಪ್ರಕ್ಷೇಪವು ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗುತ್ತಿಲ್ಲ. ಲಿಟ್ಮಸ್ ಬಣ್ಣವನ್ನು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಹೀರಿಕೊಳ್ಳುತ್ತದೆಯೇ ಎಂದು ನೋಡುವ ಲೇಕ್ ಪರೀಕ್ಷೆಯಲ್ಲಿಯೂ ದ್ರಾವಣವೆಲ್ಲ ನೀಲಿಯಾಯಿತೇ ಹೊರತು ತೇಲುವ ನೀಲಿ ಮುದ್ದೆ ಕಾಣಲಿಲ್ಲ. ಇದನ್ನು ಅಲ್ಯೂಮಿನಿಯಂ ಎಂದು ಬರೆಯಬಹುದೇ?

ಉತ್ತರ 1

ಬರೆಯಬೇಡಿ. ನಿಮ್ಮ ವಿವರಣೆಯಲ್ಲಿರುವ "ಚಿಟಿಕೆಯಷ್ಟು" ಎಂಬುದೇ ಅನುಮಾನಕ್ಕೆ ಕಾರಣ. ಅದು ಮೆಗ್ನೀಸಿಯಂ ಇರಬಹುದು. 0.1 ಮೋಲಾರ್ ಅಮೋನಿಯ ದ್ರಾವಣ (ಅಂದರೆ ಅಮೋನಿಯಂ ಹೈಡ್ರಾಕ್ಸೈಡ್) ಒಂದರಲ್ಲೇ ಹೈಡ್ರಾಕ್ಸೈಡ್ ಅಯಾನುಗಳ ಸಾರತೆ ಸುಮಾರು 1.3 × 10⁻³ ಮೋಲಾರ್ ಇರುತ್ತದೆ. ಅದೇ ದ್ರಾವಣದಲ್ಲಿ ಅಮೋನಿಯಂ ಕ್ಲೋರೈಡ್ 1 ಮೋಲಾರ್‌ನಷ್ಟಿದ್ದರೆ, ಸಾಮಾನ್ಯ ಅಯಾನು ಪರಿಣಾಮದಿಂದ (ಹೊರಗಿನಿಂದ ಸೇರಿದ ಅಮೋನಿಯಂ ಅಯಾನು ಅಮೋನಿಯದ ಅಯಾನೀಕರಣವನ್ನು ತಗ್ಗಿಸುವುದರಿಂದ) ಅದು 1.8 × 10⁻⁶ಕ್ಕೆ ಇಳಿಯುತ್ತದೆ. ಮೆಗ್ನೀಸಿಯಂ ಹೈಡ್ರಾಕ್ಸೈಡಿನ ವಿಲೀನತಾ ಗುಣಲಬ್ಧ (ಅಯಾನುಗಳ ಸಾರತೆಗಳ ಗುಣಲಬ್ಧ ಇದನ್ನು ಮೀರಿದರೆ ಪ್ರಕ್ಷೇಪ ಬರುತ್ತದೆ) ಸುಮಾರು 10⁻¹¹ ಆಗಿರುವುದರಿಂದ 0.1 ಮೋಲಾರ್ ಮೆಗ್ನೀಸಿಯಂ ಮೊದಲನೆಯದರಲ್ಲಿ ಪ್ರಕ್ಷೇಪವಾಗುತ್ತದೆ, ಎರಡನೆಯದರಲ್ಲಿ ಆಗುವುದಿಲ್ಲ. ಅಲ್ಯೂಮಿನಿಯಂ ಹೈಡ್ರಾಕ್ಸೈಡಿನದು 10⁻³³ರ ಆಸುಪಾಸಿನಲ್ಲಿರುವುದರಿಂದ ಅದು ಎರಡರಲ್ಲೂ ಪ್ರಕ್ಷೇಪವಾಗುತ್ತದೆ. ಅಂದರೆ ಅಮೋನಿಯಂ ಕ್ಲೋರೈಡನ್ನು ಎಷ್ಟು ಹಾಕಿದ್ದೀರಿ ಎಂಬುದರ ಮೇಲೆಯೇ ಮೂರನೇ ಗುಂಪಿನ ಗಡಿ ನಿಂತಿದೆ.

ತೊಳೆದ ಪ್ರಕ್ಷೇಪದ ಒಂದು ಭಾಗಕ್ಕೆ ಘನ ಅಮೋನಿಯಂ ಕ್ಲೋರೈಡ್ ಹಾಗೂ ಸ್ವಲ್ಪ ನೀರು ಹಾಕಿ ಬೆಚ್ಚಗೆ ಮಾಡಿ ನೋಡಿ. ಕರಗಿದರೆ ಅದು ಅಲ್ಯೂಮಿನಿಯಂ ಅಲ್ಲ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗಲಿಲ್ಲ ಎಂಬುದೊಂದನ್ನೇ ನೆಚ್ಚಿಕೊಳ್ಳಬಾರದು. ಬಹಳ ಹೊತ್ತು ಹಾಗೆಯೇ ಇಟ್ಟ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕೂಡ ಕ್ಷಾರದಲ್ಲಿ ತಡವಾಗಿ ಕರಗುತ್ತದೆ. ಅಮೋನಿಯ ಬಾಟಲಿ ಹಳೆಯದಾಗಿದ್ದರೆ ಅದನ್ನೂ ಬದಲಿಸಿ, ಏಕೆಂದರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ದ್ರಾವಣದಲ್ಲಿ ಕಾರ್ಬೊನೇಟ್ ಸೇರಿಕೊಂಡು, ಐದನೇ ಗುಂಪಿನ ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಬೇರಿಯಂಗಳು ಮೂರರಲ್ಲೇ ಬಿಳಿಯಾಗಿ ಕಾಣಿಸಿಕೊಳ್ಳಬಹುದು. ಅನುಕೂಲವಿದ್ದರೆ ಕೋಬಾಲ್ಟ್ ನೈಟ್ರೇಟ್ ಪರೀಕ್ಷೆಯನ್ನೂ (ಪ್ರಕ್ಷೇಪಕ್ಕೆ ಕೋಬಾಲ್ಟ್ ನೈಟ್ರೇಟ್ ಹಾಕಿ ಬಲವಾಗಿ ಕಾಯಿಸುವುದು) ಮಾಡಿ: ಅಲ್ಯೂಮಿನಿಯಂ ನೀಲಿ ಬಣ್ಣವನ್ನೂ ಮೆಗ್ನೀಸಿಯಂ ನಸುಗೆಂಪನ್ನೂ ಕೊಡುತ್ತದೆ. ಈ ನಸುಗೆಂಪು ಬಹಳ ಮಂದವಾಗಿರುವುದರಿಂದ ನಾನಾದರೂ ಅದನ್ನು ಪೂರಕ ಸಾಕ್ಷ್ಯವೆಂದಷ್ಟೇ ಎಣಿಸುತ್ತೇನೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಅಮೋನಿಯಂ ಕ್ಲೋರೈಡ್ ಹಾಕಿ ಬೆಚ್ಚಗೆ ಮಾಡಿದಾಗ ಪ್ರಕ್ಷೇಪ ಪೂರ್ತಿ ಕರಗಿತು. ನಾಲ್ಕು ಮತ್ತು ಐದನೇ ಗುಂಪುಗಳಲ್ಲಿ ಏನೂ ಬರಲಿಲ್ಲ. ಇನ್ನು ದೃಢೀಕರಣ ಹೇಗೆ ಮಾಡಬೇಕು?

ಉತ್ತರ 1

ಮೂಲ ದ್ರಾವಣಕ್ಕೆ ಈ ಬಾರಿ ಸಾಕಷ್ಟು ಅಮೋನಿಯಂ ಕ್ಲೋರೈಡ್, ಅನಂತರ ಅಮೋನಿಯಂ ಹೈಡ್ರಾಕ್ಸೈಡ್, ಕೊನೆಗೆ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ದ್ರಾವಣವನ್ನು ಹಾಕಿ. ಬಿಳಿ ಹರಳಿನಂತಹ ಮೆಗ್ನೀಸಿಯಂ ಅಮೋನಿಯಂ ಫಾಸ್ಫೇಟ್ ಬರಬೇಕು. ಕೂಡಲೇ ಬರದಿದ್ದರೆ ಪ್ರನಾಳದ ಒಳಗೋಡೆಯನ್ನು ಗಾಜಿನ ಕಡ್ಡಿಯಿಂದ ಉಜ್ಜಿ, ಕೆಲವು ನಿಮಿಷ ಬಿಡಿ.