ತೋಳಮಾನವನ ಕತೆಯ ಬೇರು ಗ್ರೀಕ್ ಪುರಾಣದಲ್ಲಿದೆಯೇ?

ಪ್ರಶ್ನೆ

ಹುಣ್ಣಿಮೆಯ ರಾತ್ರಿ ಮನುಷ್ಯನೊಬ್ಬ ತೋಳವಾಗುತ್ತಾನೆ, ಅವನು ಕಚ್ಚಿದವರೂ ತೋಳಗಳಾಗುತ್ತಾರೆ, ಬೆಳ್ಳಿಯ ಗುಂಡಿಗಷ್ಟೇ ಸಾಯುತ್ತಾನೆ ಎಂಬ ಕತೆಯನ್ನು ಸಿನಿಮಾಗಳಲ್ಲಿ ನೋಡಿದ್ದೇವೆ. ಇದು ಆರ್ಕೇಡಿಯದ ಅರಸ ಲೈಕಾವೊನ್‌ನಿಂದ ಶುರುವಾಯಿತೆಂದು ಹಲವೆಡೆ ಓದಿದೆ. ಆದರೆ ಒಂದು ಪುಸ್ತಕ ಅವನು ತೋಳವಾದ ಎನ್ನುತ್ತದೆ, ಇನ್ನೊಂದು ಸಿಡಿಲು ಬಡಿದು ಸತ್ತ ಎನ್ನುತ್ತದೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ಇದರ ಹಿಂದೆ ನಿಜವಾದ ಆಚರಣೆಯೇನಾದರೂ ಇತ್ತೇ, ಅಥವಾ ಇದು ಬರೀ ಕಟ್ಟುಕತೆಯೇ?

ಉತ್ತರ 1

ನೀವು ಓದಿದ ಎರಡೂ ಸರಿಯೇ. ಈ ಕತೆಗೆ ಒಂದೇ ಅಧಿಕೃತ ಪಾಠವಿಲ್ಲ.

ಹೆಚ್ಚು ಪ್ರಚಾರದಲ್ಲಿರುವುದು ರೋಮನ್ ಕವಿ ಓವಿಡ್ ಹೇಳಿದ ಪಾಠ. ಮನುಷ್ಯವೇಷದಲ್ಲಿ ಬಂದ ಅತಿಥಿ ನಿಜಕ್ಕೂ ದೇವರೇ ಎಂದು ಪರೀಕ್ಷಿಸಲು ಲೈಕಾವೊನ್ ತನ್ನಲ್ಲಿ ಒತ್ತೆಯಾಳಾಗಿದ್ದವನೊಬ್ಬನ ಕತ್ತು ಕೊಯ್ದು, ಆ ಮಾಂಸದಲ್ಲಿ ಒಂದಷ್ಟನ್ನು ಬೇಯಿಸಿ, ಉಳಿದದ್ದನ್ನು ಬೆಂಕಿಯಲ್ಲಿ ಸುಟ್ಟು ಬಡಿಸುತ್ತಾನೆ. ದೇವರು ಸಿಡಿಲಿನಿಂದ ಮನೆಯನ್ನು ಕೆಡವಿದಾಗ ಹೊಲಗಳತ್ತ ಓಡಿದ ಅರಸ ಮಾತಾಡಲು ಬಾಯಿ ತೆರೆದರೆ ಊಳಷ್ಟೇ ಹೊರಡುತ್ತದೆ. ಉಟ್ಟ ಬಟ್ಟೆ ತುಪ್ಪಳವಾಗುತ್ತದೆ, ತೋಳುಗಳು ಕಾಲುಗಳಾಗುತ್ತವೆ. ಆದರೆ ನರೆಗೂದಲು, ಮುಖದ ಕ್ರೌರ್ಯ, ಹೊಳೆಯುವ ಕಣ್ಣು ಇವೆಲ್ಲ ಮೊದಲಿನಂತೆಯೇ ಉಳಿಯುತ್ತವೆ. ಒಳಗೆ ಮೊದಲೇ ಇದ್ದ ಮೃಗ ಈಗ ಹೊರಗೂ ಕಾಣಿಸಿತು ಎಂಬುದು ಕವಿಯ ಧ್ವನಿ ಎಂದು ನನಗೆ ತೋರುತ್ತದೆ.

ಅಪೊಲೊಡೋರಸನ ಹೆಸರಿನಲ್ಲಿ ಉಳಿದಿರುವ ಪುರಾಣಸಂಗ್ರಹದಲ್ಲಿ ತೋಳವೇ ಇಲ್ಲ. ಅಲ್ಲಿ ಅಪರಾಧದ ಹೊಣೆ ಬಹುಪಾಲು ಲೈಕಾವೊನನ 50 ಮಂದಿ ಮಕ್ಕಳ ಮೇಲೆ ಬೀಳುತ್ತದೆ. ಅವರು ಹುಡುಗನೊಬ್ಬನನ್ನು ಕೊಂದು ಅವನ ಕರುಳನ್ನು ಬಲಿಮಾಂಸದೊಂದಿಗೆ ಬೆರೆಸುತ್ತಾರೆ. ಗ್ರೀಕರ ದೇವರಾಜ ಝ್ಯೂಸ್ ಮೇಜನ್ನು ಉರುಳಿಸಿ, ಕಿರಿಯವನಾದ ನಿಕ್ಟಿಮಸ್‌ನೊಬ್ಬನನ್ನು ಬಿಟ್ಟು ಎಲ್ಲರನ್ನೂ ಸಿಡಿಲಿನಿಂದ ಸುಡುತ್ತಾನೆ. ತೋಳವಾಗುವುದು ಎಲ್ಲ ಪಾಠಗಳಲ್ಲೂ ಇಲ್ಲ, ಆದರೆ ದೇವರ ಮುಂದೆ ನರಮಾಂಸವನ್ನಿಟ್ಟ ಪಾಪ ಎಲ್ಲದರಲ್ಲೂ ಇದೆ. ಹಾಗಾಗಿ ಕತೆಯ ತಿರುಳು ಅದೇ ಎಂದು ನಾನು ಭಾವಿಸುತ್ತೇನೆ.

ಉತ್ತರ 2

ಆಚರಣೆಯ ಬಗ್ಗೆ ನೀವು ಕೇಳಿದ್ದಕ್ಕೆ ಕ್ರಿ.ಶ. 2ನೆಯ ಶತಮಾನದ ಪ್ರವಾಸಿ ಪೌಸೇನಿಯಸನನ್ನು ಓದಬೇಕು, ಏಕೆಂದರೆ ಆ ಸ್ಥಳವನ್ನು ಅವನು ಸ್ವತಃ ವರ್ಣಿಸಿದ್ದಾನೆ. ಆರ್ಕೇಡಿಯದ ಲೈಕಾಯಾನ್ ಪರ್ವತದ ನೆತ್ತಿಯಲ್ಲಿ ಝ್ಯೂಸನ ಬಲಿಪೀಠವೆಂದರೆ ಒಂದು ಮಣ್ಣಿನ ದಿಬ್ಬ. ಅಲ್ಲಿಂದ ದಕ್ಷಿಣ ಗ್ರೀಸಿನ ಪರ್ಯಾಯದ್ವೀಪವಾದ ಪೆಲೊಪೊನೀಸಿನ ಬಹುಭಾಗ ಕಾಣುತ್ತದೆ. ಅದರ ಮುಂದೆ ಪೂರ್ವದಿಕ್ಕಿಗೆ ಎರಡು ಕಂಬಗಳು. ಅಲ್ಲಿ ಗುಟ್ಟಾಗಿ ಬಲಿ ಕೊಡುತ್ತಾರೆ ಎಂದಷ್ಟೇ ಬರೆದು, ಅದನ್ನು ಕೆದಕಲು ತನಗೆ ಮನಸ್ಸಾಗಲಿಲ್ಲ, ಮೊದಲಿನಿಂದ ಹೇಗಿದೆಯೋ ಹಾಗೆಯೇ ಇರಲಿ ಎಂದು ಅವನು ಕೈಬಿಡುತ್ತಾನೆ. ಕುತೂಹಲಕ್ಕೆ ಕೊರತೆಯಿಲ್ಲದ ಬರಹಗಾರನೊಬ್ಬ ಇಲ್ಲಿ ಮಾತ್ರ ಹಿಂಜರಿದದ್ದು ಗಮನಿಸತಕ್ಕದ್ದು.

ಪೌಸೇನಿಯಸನ ಪ್ರಕಾರ ಲೈಕಾವೊನ್ ಬಡಿಸಿದ್ದು ಊಟವನ್ನಲ್ಲ; ಅವನು ಈ ಪೀಠದ ಮೇಲೆಯೇ ಶಿಶುವನ್ನು ಬಲಿಕೊಟ್ಟು ರಕ್ತ ಸುರಿದ, ಕೂಡಲೇ ತೋಳವಾದ. ಇಷ್ಟನ್ನು ಪೌಸೇನಿಯಸ್ ನಂಬುತ್ತಾನೆ. ಅಂದಿನಿಂದ ಪ್ರತಿ ಬಲಿಯಲ್ಲೂ ಒಬ್ಬ ತೋಳವಾಗುತ್ತಾನೆ, ನರಮಾಂಸ ಮುಟ್ಟದಿದ್ದರೆ ಒಂಬತ್ತು ವರ್ಷಗಳ ಬಳಿಕ ಮತ್ತೆ ಮನುಷ್ಯನಾಗುತ್ತಾನೆ ಎಂಬುದನ್ನು ಮಾತ್ರ ಸತ್ಯದ ಮೇಲೆ ಜನ ಕಟ್ಟಿದ ಸುಳ್ಳೆಂದು ತಳ್ಳಿಹಾಕುತ್ತಾನೆ. ಹೀಗೆ ತೋಳವಾಗಿ ಮರಳಿದನೆಂದು ಹೇಳಲಾದ ಡಮಾರ್ಕಸ್ ಎಂಬ ಒಲಿಂಪಿಕ್ ಮುಷ್ಟಿಯುದ್ಧ ವಿಜೇತನ ಸುದ್ದಿಯನ್ನೂ ಅವನು ನಂಬುವುದಿಲ್ಲ. ಒಲಿಂಪಿಯದ ಪ್ರತಿಮೆಯ ಶಾಸನದಲ್ಲಿ ಆ ಮಾತಿಲ್ಲ ಎಂಬುದು ಅವನ ಆಧಾರ.

ಆದರೆ ಈ ನಂಬಿಕೆ ಅವನಿಗಿಂತ ಬಹಳ ಹಳೆಯದು. ಕ್ರಿ.ಪೂ. 4ನೆಯ ಶತಮಾನದಲ್ಲೇ ಪ್ಲೇಟೊ, ಜನನಾಯಕ ನಿರಂಕುಶನಾಗುವ ಬಗೆಯನ್ನು ವಿವರಿಸುವಾಗ ಈ ದೇವಾಲಯದ ಕತೆಯನ್ನೇ ಉದಾಹರಿಸುತ್ತಾನೆ. ಬಲಿಯ ಮಾಂಸದಲ್ಲಿ ಬೆರೆತ ಮನುಷ್ಯನ ಕರುಳಿನ ಒಂದು ಚೂರನ್ನು ತಿಂದವನು ತೋಳವಾಗದೆ ಇರಲಾರ ಎಂಬುದು ಓದುಗರಿಗೆ ಆಗಲೇ ಗೊತ್ತಿತ್ತು ಎಂಬಂತಿದೆ ಅವನ ಧಾಟಿ.

ರೋಮಿನ ಪ್ಲಿನಿ ಇನ್ನೊಂದು ರೂಪವನ್ನು ದಾಖಲಿಸಿದ್ದಾನೆ. ಒಂದು ಕುಲದಿಂದ ಚೀಟಿ ಎತ್ತಿ ಆರಿಸಿದವನು ಬಟ್ಟೆಯನ್ನು ಓಕ್ ಮರಕ್ಕೆ ನೇತುಹಾಕಿ, ಕೆರೆಯನ್ನು ಈಜಿ ದಾಟಿ ತೋಳಗಳ ಗುಂಪು ಸೇರುತ್ತಾನೆ. ಒಂಬತ್ತು ವರ್ಷ ಮನುಷ್ಯರ ತಂಟೆಗೆ ಹೋಗದಿದ್ದರೆ ಮತ್ತೆ ಈಜಿ ಬಂದು ಹಳೆಯ ರೂಪ ಪಡೆಯುತ್ತಾನೆ, ಆದರೆ ಒಂಬತ್ತು ವರ್ಷ ಹೆಚ್ಚು ವಯಸ್ಸಾದವನಾಗಿ. ಗ್ರೀಕರು ಏನನ್ನು ಬೇಕಾದರೂ ನಂಬುತ್ತಾರೆಂದು ಪ್ಲಿನಿ ಗೇಲಿ ಮಾಡಿದರೂ, ಇದರಲ್ಲಿ ಯುವಕರನ್ನು ಕೆಲಕಾಲ ಊರಿನಿಂದ ಹೊರಗಿರಿಸಿ ಮರಳಿ ಸೇರಿಸಿಕೊಳ್ಳುವ ದೀಕ್ಷಾವಿಧಿಯ ನೆನಪಿದೆ ಎಂದು ವಾಲ್ಟರ್ ಬರ್ಕರ್ಟ್‌ರಂತಹ ವಿದ್ವಾಂಸರು ವಾದಿಸಿದ್ದಾರೆ. ಬಟ್ಟೆ ಕಳಚುವುದು, ನೀರು ದಾಟುವುದು, ಅವಧಿ ಮುಗಿಸಿ ಮರಳುವುದು ಇವನ್ನೆಲ್ಲ ಒಟ್ಟಿಗೆ ನೋಡಿದಾಗ ನನಗೂ ಅದು ಒಪ್ಪಿತವೆನಿಸುತ್ತದೆ.

ಇನ್ನು ನರಬಲಿ. ಆ ಪೀಠದ ಬೂದಿಯಲ್ಲಿ ಸಿಕ್ಕ ಸುಟ್ಟ ಮೂಳೆಗಳು ಬಹುಪಾಲು ಕುರಿ ಮತ್ತು ಆಡುಗಳವು. 2016ರಲ್ಲಿ ಅಲ್ಲಿಯೇ ಹದಿಹರೆಯದವನೊಬ್ಬನ ಅಸ್ಥಿಪಂಜರ ಸಿಕ್ಕಾಗ ಪುರಾಣ ನಿಜವಾಯಿತೆಂದು ಪತ್ರಿಕೆಗಳು ಸಂಭ್ರಮಿಸಿದವು. ಜೊತೆಯಲ್ಲಿದ್ದ ಮಡಕೆಚೂರುಗಳ ಆಧಾರದಿಂದ ಅದನ್ನು ಕ್ರಿ.ಪೂ. 11ನೆಯ ಶತಮಾನದ್ದೆಂದು ಗುರುತಿಸಲಾಗಿದೆ. ಆದರೆ ಆ ದೇಹವನ್ನು ಎರಡು ಕಲ್ಲುಸಾಲುಗಳ ನಡುವೆ ನೇರವಾಗಿ ಮಲಗಿಸಲಾಗಿತ್ತು. ಕ್ರಮಬದ್ಧವಾಗಿ ಹೂಳಿದ ದೇಹ ಬಲಿಯದೇ ಆಗಿರಬೇಕಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಇಷ್ಟರಲ್ಲಿ ಚಂದ್ರನ ಸುಳಿವೇ ಕಾಣಲಿಲ್ಲವಲ್ಲ?

ಉತ್ತರ 3

ಆರ್ಕೇಡಿಯದ ಕತೆಗಳಲ್ಲಿ ಚಂದ್ರನಿಗೆ ಕೆಲಸವಿಲ್ಲ. ಬೆಳದಿಂಗಳು ಬರುವುದು ಕ್ರಿ.ಶ. 1ನೆಯ ಶತಮಾನದ ಪೆಟ್ರೋನಿಯಸನ ಲ್ಯಾಟಿನ್ ಕೃತಿಯಲ್ಲಿ ಔತಣಕೂಟದ ಅತಿಥಿಯೊಬ್ಬ ಹೇಳುವ ಕತೆಯಲ್ಲಿ. ಹಗಲಿನಂತೆ ತಿಂಗಳು ಬೆಳಗುತ್ತಿದ್ದ ರಾತ್ರಿ, ಸಮಾಧಿಗಳ ನಡುವೆ ಸೈನಿಕನೊಬ್ಬ ಬಟ್ಟೆ ಕಳಚಿ, ಅದರ ಸುತ್ತ ಮೂತ್ರ ಹೊಯ್ದು ತೋಳವಾಗುತ್ತಾನೆ. ತೋಳದ ಕುತ್ತಿಗೆಗೆ ಬಿದ್ದ ಈಟಿಯ ಗಾಯ ಬಳಿಕ ಸೈನಿಕನ ಕುತ್ತಿಗೆಯಲ್ಲೇ ಕಾಣುತ್ತದೆ. ಅಲ್ಲಿಯೂ ಬೆಳದಿಂಗಳು ದಾರಿ ಕಾಣಲಷ್ಟೇ, ಅದರಿಂದ ಯಾರೂ ತೋಳವಾಗುವುದಿಲ್ಲ.

ಕತೆ ಆರ್ಕೇಡಿಯಕ್ಕಷ್ಟೇ ಸೀಮಿತವೂ ಅಲ್ಲ. ಕಪ್ಪುಸಮುದ್ರದ ಉತ್ತರದ ಅಲೆಮಾರಿಗಳಾದ ಸಿಥಿಯನ್ನರ ನೆರೆಯ ನ್ಯೂರಿ ಜನ ವರ್ಷಕ್ಕೊಮ್ಮೆ ಕೆಲವು ದಿನ ತೋಳಗಳಾಗುತ್ತಾರೆಂಬ ಮಾತನ್ನು ಕ್ರಿ.ಪೂ. 5ನೆಯ ಶತಮಾನದಲ್ಲೇ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟಿದ್ದಾನೆ. ತಾನು ನಂಬುವುದಿಲ್ಲ, ಆದರೆ ಹೇಳುವವರು ಆಣೆಯಿಟ್ಟು ಹೇಳುತ್ತಾರೆ ಎಂದು ಸೇರಿಸುತ್ತಾನೆ. ಆದ್ದರಿಂದ ಲೈಕಾವೊನನನ್ನು ಏಕೈಕ ಮೂಲವೆನ್ನಲು ನಾನು ಹಿಂಜರಿಯುತ್ತೇನೆ.

ಬೆಳ್ಳಿಯ ಗುಂಡು ಬಂದೂಕಿಲ್ಲದ ಕಾಲದ್ದಾಗಲು ಸಾಧ್ಯವಿಲ್ಲ. ಕಚ್ಚಿದರೆ ಸೋಂಕು ತಗಲುತ್ತದೆ ಎಂಬುದೂ ಮೇಲಿನ ಯಾವ ಪಾಠದಲ್ಲೂ ಇಲ್ಲ. ಅದನ್ನು ಮನೆಮಾತಾಗಿಸಿದ್ದು 20ನೆಯ ಶತಮಾನದ ಸಿನಿಮಾ.