ಪೈಲಟ್ ಕಾಂಟ್ರ್ಯಾಕ್ಟ್ ವೋಟ್: ಒಪ್ಪಿಬಿಡೋದಾ, ಪಟ್ಟು ಹಿಡಿಯೋದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ

ಅಮೆರಿಕದ ಒಂದು ಸಣ್ಣ ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್ (ಕೋ-ಪೈಲಟ್) ಆಗಿದ್ದೇನೆ. ಊರು ದಾವಣಗೆರೆ. ತುಂಬಾ ದಿನ ಎಳೆದಾಡಿ ಕೊನೆಗೂ ಯೂನಿಯನ್ ಒಂದು ಕರಡು ಒಪ್ಪಂದ ತಂದು ವೋಟಿಗೆ ಇಟ್ಟಿದೆ. ಸಂಬಳ ಚೆನ್ನಾಗಿಯೇ ಏರಿದೆ. ಆದರೆ ರಿಸರ್ವ್ ಡ್ಯೂಟಿ (ಫೋನ್ ಬಂದರೆ ಹಾರೋಕೆ ತಯಾರಾಗಿ ಕಾದಿರುವ ಡ್ಯೂಟಿ) ನಿಯಮ ಕೆಡಿಸಿದ್ದಾರೆ, ರಜೆ ದಿನಕ್ಕೂ ಕೈ ಹಾಕಬಹುದು ಅನ್ನುವ ಹಾಗಿದೆ. ಕ್ಯಾಪ್ಟನ್‌ಗಳು "ಸಿಕ್ಕಿದ್ದು ತಗೋ" ಅಂತಾರೆ, ನನ್ನ ಬ್ಯಾಚಿನವರು "ನೋ ಹಾಕೋಣ" ಅಂತಾರೆ. ಇಂಥ ವೋಟ್ ಹಾಕಿದವರು ಇದ್ದರೆ ದಯವಿಟ್ಟು ಹೇಳಿ.

ನಿವೃತ್ತ ಕ್ಯಾಪ್ಟನ್, ಡಲ್ಲಾಸ್

ನಾನೂ ಯೂನಿಯನ್ ಕಡೆಯಿಂದ ಮಾತುಕತೆಯ ಕಮಿಟಿಯಲ್ಲಿ ಕೂತಿದ್ದವನು. ಮೊದಲು ಒಂದು ಮಾತು, ನಿಮ್ಮ ಕ್ಯಾಪ್ಟನ್‌ಗಳ ಮೇಲೆ ಸಿಟ್ಟಾಗಬೇಡಿ. ಇಲ್ಲಿ 65ಕ್ಕೆ ಹಾರಾಟ ಮುಗಿಯುತ್ತದೆ. 63 ದಾಟಿದವರಿಗೆ ಮಾತುಕತೆ ಇನ್ನೊಂದು ವರ್ಷ ಎಳೆದರೆ ಹೊಸ ಸಂಬಳದಲ್ಲಿ ದುಡಿಯುವ ಕಾಲವೇ ಉಳಿಯುವುದಿಲ್ಲ. ನೀವು ಇನ್ನೂ 30 ವರ್ಷ ಆ ರಿಸರ್ವ್ ನಿಯಮದ ಜೊತೆ ಬಾಳಬೇಕು. ಇಬ್ಬರ ಲೆಕ್ಕವೂ ಸರಿಯೇ. ಅದಕ್ಕೇ ನಾನು ಹೇಳೋದು, ಕಂಪನಿ ಜೊತೆ ರಾಜಿ ಆಮೇಲೆ, ಮೊದಲು ನಮ್ಮೊಳಗೆ ರಾಜಿ ಆಗಬೇಕು. ಯಾವ ಒಂದೆರಡು ವಿಷಯದಲ್ಲಿ ಬಗ್ಗೋದೇ ಇಲ್ಲ ಅಂತ ಹಳಬರೂ ಹೊಸಬರೂ ಒಂದೇ ಬಾಯಲ್ಲಿ ಹೇಳಿದರೆ ಮಾತ್ರ ಎದುರಿಗೆ ಕೂತವರು ಕಿವಿಗೊಡುತ್ತಾರೆ.

ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಆಗಿದ್ದು ನೋಡಿ. 2022ರಲ್ಲಿ 14%ಕ್ಕೂ ಜಾಸ್ತಿ ಏರಿಕೆಯ ಕರಡು ಬಂತು. ನವೆಂಬರ್‌ನಲ್ಲಿ 94% ಪೈಲಟ್‌ಗಳು ಬೇಡ ಅಂದರು. 2023ರ ಮಾರ್ಚ್‌ನಲ್ಲಿ ಡೆಲ್ಟಾ ಏರ್ ಲೈನ್ಸ್ ಪೈಲಟ್‌ಗಳಿಗೆ ನಾಲ್ಕು ವರ್ಷಕ್ಕೆ 34% ಸಿಕ್ಕಿತು. ಅದೇ ಅಳತೆ ಹಿಡಿದು ಯುನೈಟೆಡ್‌ನವರು ಸೆಪ್ಟೆಂಬರ್ ಹೊತ್ತಿಗೆ 40%ವರೆಗೂ ಏರಿಸಿಕೊಂಡರು. ಇದನ್ನೇ ತೋರಿಸಿ "ನೋ ಹಾಕಿದರೆ ಸಾಕು" ಅನ್ನುವವರು ಆಗ ಕಾಲ ಹೇಗಿತ್ತು ಅಂತ ಹೇಳುವುದಿಲ್ಲ. ಕೋವಿಡ್ ಮುಗಿದು ವಿಮಾನಗಳು ತುಂಬಿ ಹೋಗುತ್ತಿದ್ದವು, ಪೈಲಟ್‌ಗಳು ಸಿಗುತ್ತಿರಲಿಲ್ಲ, ಜೊತೆಗೆ ನೂರಕ್ಕೆ 94 ಜನ ಒಂದೇ ಕಡೆ ಇದ್ದರು. ಅದೇ 55-45 ಆಗಿದ್ದರೆ? ಆ ಐದಾರು ಜನರನ್ನು ಒಲಿಸಿಕೊಳ್ಳೋಕೆ ಇನ್ನೆಷ್ಟು ಕೊಟ್ಟರೆ ಸಾಕು ಅಂತ ಕಂಪನಿ ಲೆಕ್ಕ ಹಾಕುತ್ತದೆ, ಅಷ್ಟೇ ಕೊಡುತ್ತದೆ.

ಇನ್ನೊಂದು, ನೋ ಅಂದ ಮಾರನೇ ದಿನ ಸ್ಟ್ರೈಕ್ ಆಗುವುದಿಲ್ಲ. ನಮ್ಮದು ರೈಲ್ವೆ ಲೇಬರ್ ಆಕ್ಟ್, 1926ರ ಕಾನೂನು, 1936ರಿಂದ ವಿಮಾನಕ್ಕೂ ಅದೇ. ಕಾಂಟ್ರ್ಯಾಕ್ಟ್ ದಿನಾಂಕ ದಾಟಿದರೂ ಹಳೇ ಸಂಬಳ, ಹಳೇ ನಿಯಮ ಹಾಗೇ ನಡೆಯುತ್ತವೆ. ಎರಡೂ ಕಡೆಯ ನಡುವೆ ಮಧ್ಯಸ್ಥಿಕೆ ಮಾಡುವ ಸರ್ಕಾರದ ನ್ಯಾಷನಲ್ ಮೀಡಿಯೇಷನ್ ಬೋರ್ಡ್ ಇನ್ನು ನಮ್ಮಿಂದಾಗದು ಅಂತ ಕೈಬಿಟ್ಟು, ಅದರ ಮೇಲೆ 30 ದಿನ ಕಳೆದ ಮೇಲೆಯೇ ಸ್ಟ್ರೈಕ್ ಮಾತು. ಆಗಲೂ ದೇಶದ ಅಧ್ಯಕ್ಷರು ಮಧ್ಯೆ ಬಂದು ತಡೆಯಬಹುದು. ಸ್ಪಿರಿಟ್ ಏರ್‌ಲೈನ್ಸ್ ಪೈಲಟ್‌ಗಳು 2010ರಲ್ಲಿ ಅಲ್ಲಿವರೆಗೂ ಹೋಗಿ ಐದು ದಿನ ಕೆಲಸ ನಿಲ್ಲಿಸಿದ್ದರು. ಹಾಗೆ ಆಗಿದ್ದು ಬಹಳ ಕಡಿಮೆ. ಹಾಗಾಗಿ ನೋ ಅಂದರೆ ಕಾಯೋಕೆ ತಯಾರು ಅಂತ ಅರ್ಥ.

ಏನು ಬಿಟ್ಟುಕೊಡಬಹುದು ಅಂದರೆ, ನನ್ನ ಮಟ್ಟಿಗೆ ಸಂಬಳದಲ್ಲಿ ಒಂದೆರಡು ಪರ್ಸೆಂಟ್ ಬಿಡಿ, ನಿಯಮ ಬಿಡಬೇಡಿ. ಸಂಬಳ ಮುಂದಿನ ಸಲ ಏರಿಸಿಕೊಳ್ಳಬಹುದು. ಕಳೆದುಕೊಂಡ ನಿಯಮ ವಾಪಸ್ ತರೋಕೆ ಅರ್ಧ ಸರ್ವೀಸ್ ಹೋಗುತ್ತದೆ. ಕಂಪನಿಗಳು ದಿವಾಳಿ ಆಗಿದ್ದ ಕಾಲದಲ್ಲಿ, 2005ರಲ್ಲಿ ಯುನೈಟೆಡ್ ಪೈಲಟ್‌ಗಳ ಹಳೇ ಪಿಂಚಣಿ ಹೋಯಿತು, 2006ರಲ್ಲಿ ಡೆಲ್ಟಾದವರದ್ದು. ಸಂಬಳ ಆಮೇಲೆ ಎಷ್ಟೋ ಏರಿದೆ, ಆ ಪಿಂಚಣಿ ಬಂದಿಲ್ಲ.

ಇವತ್ತೇ ಒಂದು ಕೆಲಸ ಮಾಡಿ. ಹೋದ ತಿಂಗಳ ನಿಮ್ಮ ಶೆಡ್ಯೂಲ್ ಪ್ರಿಂಟ್ ತೆಗೆದು, ಪಕ್ಕದಲ್ಲಿ ಹೊಸ ಕರಡಿನ ರಿಸರ್ವ್ ಭಾಗ ಇಟ್ಟುಕೊಂಡು, ದಿನ ದಿನಕ್ಕೂ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಯಾವ ರಜೆ ಹೋಗುತ್ತಿತ್ತು, ಫೋನ್ ಬಂದ ಮೇಲೆ ಏರ್‌ಪೋರ್ಟ್ ಸೇರೋಕೆ ಎಷ್ಟು ಹೊತ್ತು ಸಿಗುತ್ತಿತ್ತು, ಎಲ್ಲ ಕಾಣುತ್ತದೆ. ಆ ಹಾಳೆಯನ್ನೇ ನಿಮ್ಮ ಕ್ಯಾಪ್ಟನ್‌ಗಳಿಗೂ ತೋರಿಸಿ.

ಮೆಲ್ಬರ್ನ್‌ನಿಂದ

ಇಲ್ಲಿ 1989ರಲ್ಲಿ ಪೈಲಟ್‌ಗಳು 29.47% ಏರಿಕೆ ಬೇಕೇ ಬೇಕು ಅಂತ ಪಟ್ಟು ಹಿಡಿದರು. ದೇಶಕ್ಕೆಲ್ಲ ಒಂದು ಸಂಬಳ ಮಿತಿ ಇದ್ದ ಕಾಲ. ಪ್ರಧಾನಿ ಬಾಬ್ ಹಾಕ್ ಸರ್ಕಾರ ಪೂರ್ತಿ ಕಂಪನಿಗಳ ಬೆನ್ನಿಗೆ ನಿಂತಿತು, ವಾಯುಪಡೆ ವಿಮಾನದಲ್ಲಿ ಪ್ರಯಾಣಿಕರನ್ನು ಸಾಗಿಸಿತು. ಒಬ್ಬೊಬ್ಬರ ಮೇಲೂ ನಷ್ಟದ ದಾವೆ ಹಾಕ್ತಾರೆ ಅನ್ನುವಾಗ 1,600ಕ್ಕೂ ಹೆಚ್ಚು ಪೈಲಟ್‌ಗಳು ಒಟ್ಟಿಗೆ ರಾಜೀನಾಮೆ ಕೊಟ್ಟರು. ಒಗ್ಗಟ್ಟು ಚೆನ್ನಾಗಿಯೇ ಇತ್ತು, ಆದರೂ ಸೋತರು. ಎಷ್ಟೋ ಜನ ಕೆಲಸ ಹುಡುಕಿಕೊಂಡು ಬೇರೆ ದೇಶಕ್ಕೆ ಹೋದರು. ಕ್ಯಾಪ್ಟನ್ ಸರ್ ಹೇಳಿದ್ದಕ್ಕೆ ಇದೊಂದು ಸೇರಿಸುತ್ತೇನೆ: ಸರ್ಕಾರ ಯಾರ ಕಡೆ ಇದೆ ಅಂತಲೂ ನೋಡಿ.

ಬೆಂಗಳೂರಿನಿಂದ

ನಮ್ಮಲ್ಲೂ 2012ರಲ್ಲಿ ಏರ್ ಇಂಡಿಯಾದ ಇಂಡಿಯನ್ ಪೈಲಟ್ಸ್ ಗಿಲ್ಡ್‌ನವರು 58 ದಿನ ಕೆಲಸ ಬಿಟ್ಟರು. ಜಗಳ ಹೊಸ 787 ವಿಮಾನದ ಟ್ರೈನಿಂಗ್ ಹಳೇ ಏರ್ ಇಂಡಿಯಾದವರಿಗಾ, ಬಂದು ಸೇರಿದ ಇಂಡಿಯನ್ ಏರ್‌ಲೈನ್ಸ್‌ನವರಿಗೂನಾ ಅನ್ನೋದು, ಅಂದರೆ ಅರ್ಧ ಜಗಳ ಪೈಲಟ್ ಪೈಲಟ್ ನಡುವೆಯೇ. ಸಿಕ್ ಲೀವ್ ಹಾಕಿ ಶುರು ಮಾಡಿದರು, ದೆಹಲಿ ಹೈಕೋರ್ಟ್ ತಡೆಯಿತು, ಯೂನಿಯನ್ ಮಾನ್ಯತೆ ಹೋಯಿತು, ನೂರರಷ್ಟು ಜನ ವಜಾ ಆದರು. ಕೊನೆಗೆ ಕೋರ್ಟಿಗೇ ಮಾತು ಕೊಟ್ಟು ಡ್ಯೂಟಿಗೆ ವಾಪಸ್ ಬರಬೇಕಾಯಿತು.

ಪೈಲಟ್ ಮನೆಯಾಕೆ, ಅಟ್ಲಾಂಟಾ

ತಮ್ಮಾ, ಮನೆ ಲೆಕ್ಕವನ್ನೂ ನೋಡ್ಕೋ. ಸ್ಟ್ರೈಕ್‌ಗೆ ಒಪ್ಪಿಗೆ ಕೇಳಿ ವೋಟ್ ಬಂದಾಗಲೇ ನಾವು ದೊಡ್ಡ ಖರ್ಚು ನಿಲ್ಲಿಸಿ, ಹೆಲ್ತ್ ಇನ್ಶೂರೆನ್ಸ್ ನನ್ನ ಆಫೀಸಿನ ಕಡೆಗೆ ಬದಲಾಯಿಸಿಕೊಂಡಿದ್ದೆವು. ಸ್ಟ್ರೈಕ್ ಆದರೆ ಕಂಪನಿಯ ಇನ್ಶೂರೆನ್ಸ್ ನಿಂತು ಹೋಗಬಹುದು. ಇವರು ಬಿಸಿಲಲ್ಲಿ ಟೋಪಿ ಕೋಟು ಹಾಕಿಕೊಂಡು ಟರ್ಮಿನಲ್ ಮುಂದೆ ಬೋರ್ಡ್ ಹಿಡಿದು ನಡೆಯುವಾಗ ಮನೆಯ ಚಿಂತೆ ತಲೆಯಲ್ಲಿ ಇರಲಿಲ್ಲ. ಕೈಯಲ್ಲಿ ಆರು ತಿಂಗಳ ದುಡ್ಡಿಲ್ಲದೆ ಹಠ ಹಿಡಿದವರು ಮೊದಲು ಸುಸ್ತಾಗಿದ್ದನ್ನು ನಾನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಶೆಡ್ಯೂಲ್ ಗುರುತು ಹಾಕಿ ನೋಡಿದೆ, ಎರಡು ವಾರಾಂತ್ಯ ಪೂರ್ತಿ ಹೋಗುತ್ತಿತ್ತು. ನೋ ಹಾಕಿದರೆ ಮುಂದೇನು ಮಾಡಬೇಕು?

ನಿವೃತ್ತ ಕ್ಯಾಪ್ಟನ್, ಡಲ್ಲಾಸ್

ಕರಡು ಬಿದ್ದು ಹೋದರೆ ಯಾಕೆ ಬೇಡ ಅಂದಿರಿ ಅಂತ ಯೂನಿಯನ್ ನಿಮ್ಮನ್ನೇ ಕೇಳುತ್ತದೆ. ಆಗ ಜನ ಹತ್ತು ದೂರು ಬರೆಯುತ್ತಾರೆ, ಕಮಿಟಿಗೆ ತಲೆಬುಡ ಗೊತ್ತಾಗುವುದಿಲ್ಲ. ನಿಮ್ಮ ಬ್ಯಾಚಿನವರೆಲ್ಲ ರಿಸರ್ವ್ ಭಾಗದ ಅದೇ ಒಂದು ಸಾಲನ್ನು ಹಿಡಿದು ಬರೆಯಿರಿ, ಏನು ಬದಲಾದರೆ ಯೆಸ್ ಹಾಕುತ್ತೀರಿ ಅಂತಲೂ ಬರೆಯಿರಿ.